ಗೋಣಿಯ ಮೇಲಿನ ಊರುಗಳು

ಮೀನು ಹೊತ್ತ ಗಾಡಿ ಇದು. ಒಂಬತ್ತು ವರ್ಷ
ಮಂಜೇಶ್ವರದ ಮಂಜುಗಡ್ಡೆ ಇದರ ಬೆನ್ನಲ್ಲಿ ಕರಗಿದೆ.
ಹುಣಸೆ ಹಾಕಿ ತಿಕ್ಕಿದೆವು, ಬೂದಿ ಹಾಕಿ, ಆಮೇಲೆ
ವಾರಿಜ ಎಲ್ಲಿಂದಲೋ ತಂದ ನೀಲಿ ನೀರು ಹಾಕಿ.
ಬಿಸಿಲು ಏರಿದರೆ ಈಗಲೂ ಒಂದು ಬಂಗುಡೆ
ಮೂಲೆಯಿಂದ ಎದ್ದು ಬರುತ್ತದೆ.
"ಇರಲಿ ಅತ್ತಿಗೆ, ದಾರಿಗೆ ಜೊತೆಯಾಯಿತು" ಎಂದಳು.

ಪೆರ್ಲದಲ್ಲಿ ಮೊಯ್ದು ಕಬ್ಬಿಣ ಬಗ್ಗಿಸಿದ,
ಪುರಂದರ ಆಚಾರಿ ಹಲಗೆ ಕೊಯ್ದ.
ಆರಡಿ ಉದ್ದ, ನಾಲ್ಕೂವರೆ ಅಗಲ;
ಹಗಲಿಗೆ ಬೆಂಚು, ರಾತ್ರಿಗೆ ಮಂಚ,
ಬೆಂಚಿನ ಹೊಟ್ಟೆಯೊಳಗೆ ಬ್ಯಾಟರಿ, ಸ್ಟವ್ವು, ನೀರಿನ ಕ್ಯಾನು.
ಅಳತೆಗೆಂದು ನಮ್ಮಿಬ್ಬರನ್ನೂ ಅಂಗಳದಲ್ಲಿ ಮಲಗಿಸಿ
ಸುತ್ತ ಸೀಮೆಸುಣ್ಣದ ಗೆರೆ ಎಳೆದ.
ಬೇಲಿಯಾಚೆ ನಿಂತ ಹುಡುಗ
ಓಡಿಹೋಗಿ ತಾಯಿಯನ್ನು ಕರೆತಂದ.

ಕಚೇರಿಯ ಗುಮಾಸ್ತ ಕಾಗದ ಮಗುಚಿ ಹಾಕಿ ಕೇಳಿದ:
ಇದು ಸರಕಿನ ಗಾಡಿಯೋ, ಮನೆಯೋ?
ಮೂವತ್ತು ವರ್ಷ ಊರಿನ ಗಂಡಸರಿಗೆ
ಕ್ಲಚ್ಚು ಮೆಲ್ಲಗೆ ಬಿಡಲು ಕಲಿಸಿದವಳು ವಾರಿಜ.
ತುಳುವಿನಲ್ಲಿ ಬೈದು, ಮಲಯಾಳದಲ್ಲಿ ನಕ್ಕು,
ಕನ್ನಡದಲ್ಲಿ ಸಹಿ ಹಾಕಿದಳು.

ನಾನೋ ರೇಷನ್ ಅಂಗಡಿಯವಳು.
ಕಂಡ ಲೋಕವೆಲ್ಲ ಗೋಣಿಯ ಮೇಲಿನದು:
ಖನ್ನಾ, ಸುನಾಮ್, ಮೋಗಾ, ತಾಡೇಪಲ್ಲಿಗೂಡೆಂ,
ಮತ್ತೆ ಮಸಿ ಹಬ್ಬಿ ಅರ್ಧ ಹೆಸರು ನುಂಗಿದ
ಒಂದು ಊರು, ಬರೀ 'ಪುರ'.
ಖಾಲಿ ಚೀಲ ಕೊಡಹುವಾಗ ಅಲ್ಲಿನ ಧೂಳು ನನ್ನ ಮೂಗಿಗೆ,
ಅಲ್ಲಿನ ಹುಳ ನನ್ನ ಸೆರಗಿಗೆ.
ಒಮ್ಮೆ ಗೋಧಿಯೊಳಗೆ ಯಾರದೋ ಅಂಗಿಯ ಕೆಂಪು ಗುಂಡಿ.
ಅದನ್ನೀಗ ಕಿಟಕಿಯ ಪರದೆಗೆ ಹೊಲಿದಿದ್ದೇನೆ.

ಊರುಗಳನ್ನು ಚೀಲದಿಂದ ಕತ್ತರಿಸಿ ನೆಲಕ್ಕೆ ಹಾಸಿ
ನಡುವೆ ಬಿಳಿ ನೂಲು ಎಳೆದೆ. ಅದೇ ನಕ್ಷೆ.
ವಾರಿಜ ಮೊಬೈಲು ನೋಡಿ, ನೂಲು ನೋಡಿ,
"ಅತ್ತಿಗೆ, ನಿಮ್ಮ ದಾರಿ ಎರಡು ಸಲ ಸಮುದ್ರ ದಾಟುತ್ತದೆ."
ನೂಲು ಸರಿಸಿದೆವು.

ಕುಂಬಳೆಯ ಹತ್ತಿರ ಮುರಕಲ್ಲಿನ ಲಾರಿಗಳು ತೂಗುವ ಕಟ್ಟೆ.
ಅಂದುಂಞಿ ಗಾಜಿನ ಗೂಡಿನಿಂದ ಕೈಚಾಚಿ
ಚೀಟಿ ಕೊಟ್ಟ. ಮೊಯ್ದು ಹೇಳಿದ್ದಕ್ಕಿಂತ
ಐವತ್ತೆರಡು ಕಿಲೋ ಜಾಸ್ತಿ.
"ಒಬ್ಬರು ಇಳಿದರೆ ಸರಿಯಾಗ್ತದೆ."
ಒಬ್ಬರನ್ನೊಬ್ಬರು ನೋಡಿಕೊಂಡೆವು.
ಇಬ್ಬರೂ ಐವತ್ತೆರಡು ದಾಟಿ ಎಷ್ಟೋ ಕಾಲವಾಯಿತು.

ಅಲ್ಲೇ, ಕೆಂಪು ಧೂಳಿನಲ್ಲಿ, ಬಿಚ್ಚಿದೆವು.
ಕಡೆಯುವ ಕಲ್ಲು. ಎರಡನೇ ಕ್ಯಾನು. ಮಿಡಿ ಉಪ್ಪಿನಕಾಯಿಯ ಭರಣಿ.
ಅವಳ ಅಣ್ಣನ ಹಿತ್ತಾಳೆ ಟಾರ್ಚು, ಉರಿಯದ್ದು:
ನಾನು ಇಳಿಸಿದೆ, ಅವಳು ಹತ್ತಿಸಿದಳು,
ಅವಳು ಇಳಿಸಿದಳು, ನಾನು ಹತ್ತಿಸಿದೆ.
ಕೊನೆಗೆ ಇಪ್ಪತ್ತೈದು ಕಿಲೋ ಕುಚ್ಚಿಲಕ್ಕಿ.
"ಅಕ್ಕಿ ಬರುವ ಊರಿಗೆ ಅಕ್ಕಿ ಹೊರುವವರುಂಟಾ?"
ಅಂದುಂಞಿ ಚೀಲ ಹೆಗಲಿಗೇರಿಸಿ, "ಬಂದ ಮೇಲೆ ಕೊಡುವೆ" ಎಂದ.
ಕೊಡುವುದಿಲ್ಲವೆಂದು ಮೂವರಿಗೂ ಗೊತ್ತು.

ಅಂಗಡಿಯ ತೂಕದ ಕಲ್ಲು ಎರಡನ್ನು ಮಾತ್ರ
ನಾನು ಇಳಿಸಗೊಡಲಿಲ್ಲ. ಐದೈದು ಕಿಲೋ, ಮುದ್ರೆಯೊತ್ತಿದ ಕಬ್ಬಿಣ.
ಏರಿನಲ್ಲಿ ನಿಲ್ಲಿಸಿದಾಗ ಚಕ್ರಕ್ಕೆ ಅಡ್ಡ ಇಡಲು, ಎಂದೆ.
ಸುಳ್ಳಲ್ಲ. ಪೂರಾ ನಿಜವೂ ಅಲ್ಲ.

ಮೂವತ್ತೊಂದು ವರ್ಷ
ಚೀಲದ ಮೇಲೆ ಐವತ್ತು ಎಂದು ಬರೆದಿರುತ್ತಿತ್ತು,
ಒಳಗೆ ನಲವತ್ತೆಂಟೂವರೆ.
ಕಾರ್ಡು ಹಿಡಿದು ನಿಂತವರು
ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದರು.
ಆ ಒಂದೂವರೆ ಕಿಲೋ ಯಾವ ಊರಲ್ಲಿ ಇಳಿದುಕೊಳ್ಳುತ್ತದೆ,
ಯಾರ ಒಲೆಯ ಮೇಲೆ ಬೇಯುತ್ತದೆ?
ಜಗಳಕ್ಕಲ್ಲ. ಸುಮ್ಮನೆ, ನೋಡಿ ಬರೋಣವೆಂದು.

ಹೊರಡುವುದು ನಾಡಿದ್ದು.
ಕೈಪಂಪು ಇನ್ನೂ ನೀರೆತ್ತುವುದಿಲ್ಲ.
ಪರದೆಗೆ ಒಂದು ಕೊಕ್ಕೆ ಕಮ್ಮಿ.