ಮೂರೂವರೆ

ಮಾಂಟ್ರಿಯಲ್‌ನಲ್ಲಿ ಒಂದು ಮಲಗುಕೋಣೆಯ ಮನೆಗೆ
ಮೂರೂವರೆ ಅನ್ನುತ್ತೇವೆ.
ಅಡುಗೆಗೊಂದು, ಕೂರಲೊಂದು, ಮಲಗಲೊಂದು,
ಬಚ್ಚಲು ಅರ್ಧ.
ಮಾರ್ಚಿಯಿಂದ ಹುಡುಕಿ ಹುಡುಕಿ
ಆ ಅರ್ಧ ಇಲ್ಲದಿದ್ದರೂ ಆದೀತು
ಅನ್ನುವಲ್ಲಿಗೆ ಬಂದು ನಿಂತಿದ್ದೇನೆ.

ಜುಲೈ ಒಂದಕ್ಕೆ ಊರಿಗೆ ಊರೇ ಮನೆ ಬದಲಿಸುತ್ತದೆ.
ಫ್ರಿಜ್ಜನ್ನು ಬೆನ್ನಿಗೆ ಬಿಗಿದು ಸುರುಳಿ ಮೆಟ್ಟಿಲಿಳಿಯುವ ಗಂಡಸರು,
ಫುಟ್‌ಪಾತಿನಲ್ಲಿ ದಿಕ್ಕಿಲ್ಲದ ಸೋಫಾಗಳು.
ಅಷ್ಟರೊಳಗೆ ಸಿಗಬೇಕು.
ಇವತ್ತು ಜೂನ್ ಹದಿನೆಂಟು.

ವಿಲ್ರೇಯ ಬೀದಿಗಳೆಲ್ಲ ಈಗ ನನ್ನ ಹಿಮ್ಮಡಿಗೆ ಬಾಯಿಪಾಠ.
ಒಬ್ಬಾತ ಫೋನಿನಲ್ಲಿ ಬಹಳ ಮರ್ಯಾದಸ್ಥ.
ಹೆಸರು ಕೇಳುವ ತನಕ ಮನೆ ಖಾಲಿ ಇತ್ತು.
ಮಿರ್ಲಾಂದ್ ಸ್ಯಾಂಫ್ಲರ್, ಅಂದೆ.
ಅಷ್ಟರಲ್ಲಿ ಯಾರೋ ಬಂದು ಹಾಲುಕ್ಕಿಸಿಬಿಟ್ಟಿದ್ದರು.
ಇನ್ನೊಂದು ನೆಲಮಾಳಿಗೆ; ಕಿಟಕಿಯ ತುಂಬ ದಾರಿಹೋಕರ ಬೂಟು.
ಮತ್ತೊಂದರಲ್ಲಿ ಮಲಗುಕೋಣೆ ಎಂದು ತೋರಿಸಿದ್ದು
ಬಾಗಿಲು ಕಿತ್ತ ಉಗ್ರಾಣ.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ಹಾಸಿಗೆ ಚಾಚುವಷ್ಟು ನೆಲ ಎಲ್ಲಿದೆ, ಸ್ವಾಮಿ?
ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಪಾಳಿ ನನ್ನದು.
ಬೆಳಗಾಗುವುದರೊಳಗೆ ನಾನೂರು ಹಾಸಿಗೆಯ ಬಟ್ಟೆ
ಮಡಿಸಿಟ್ಟು ಬರುತ್ತೇನೆ.

ಇಂದಿನ ಮನೆ ಮೂರನೇ ಮಹಡಿ.
ಸಾಲಿನಲ್ಲಿ ಹದಿನಾಲ್ಕನೆಯವಳು ನಾನು.
ಮಾಲೀಕ ಬಂದಿರಲಿಲ್ಲ; ತೋರಿಸಿದ್ದು
ಖಾಲಿ ಮಾಡುತ್ತಿರುವ ಮುದುಕಿ, ಗಿಲೇನ್ ತಿಬೊಡೋ.
ಮಂಡಿ ಇನ್ನು ಈ ಮೆಟ್ಟಿಲಿಗೆ ಒಗ್ಗುವುದಿಲ್ಲವಂತೆ.
ಸಂಬಳ ಎಷ್ಟು, ಕೇಳಲಿಲ್ಲ.
ಜನವರಿಯ ಮಂಜುಗಡ್ಡೆಯ ಮೇಲೆ ಕಸದ ಚೀಲ ಹೊತ್ತು
ಇಳಿಯಬಲ್ಲೆಯಾ, ಅಂದಳು.
ಇಳಿಯಬಲ್ಲೆ, ಅಂದೆ.

ಸಿಂಕಿನ ಮೇಲಿನ ಕಪಾಟು ತೆರೆದಳು.
ಬಾಗಿಲ ಒಳಮೈಯಲ್ಲಿ ಪೆನ್ಸಿಲಿನ ಅಂಕಿಗಳು,
ಗೋಡೆಯಲ್ಲಿ ಮಕ್ಕಳ ಎತ್ತರ ಗುರುತು ಹಾಕಿದ ಹಾಗೆ.
ಎಂಬತ್ತೇಳು, ಮುನ್ನೂರ ಹತ್ತು ಡಾಲರ್.
ಅಲ್ಲಿಂದ ವರ್ಷಕ್ಕೊಂದು ಗೆರೆ, ಕೊನೆಯದು ಏಳುನೂರ ಹನ್ನೆರಡು.
"ಅವನು ನಿನಗೆ ಸಾವಿರದ ನಾನೂರು ಹೇಳುತ್ತಾನೆ.
ಕರಾರಿನಲ್ಲಿ ಹಳೆಯ ಬಾಡಿಗೆ ಬರೆಯುವ ಜಾಗ
ಮರೆತವನಂತೆ ಖಾಲಿ ಬಿಡುತ್ತಾನೆ.
ಫೋಟೋ ತೆಗೆದುಕೋ."

ತೆಗೆದುಕೊಂಡೆ.
ಕೆಳಗೆ ಹದಿಮೂರು ಜನ ಇನ್ನೂ ಹೋಗಿರಲಿಲ್ಲ.
ಒಬ್ಬರಿಗೊಬ್ಬರು ಎದುರಾಳಿಗಳು, ಮುಖ ನೋಡುವುದಿಲ್ಲ.
ಎಲ್ಲರ ಕೈಯ ಪರದೆಯಲ್ಲೂ ಅದೇ ಕಪಾಟು.
ಪಿಟೀಲು ಪೆಟ್ಟಿಗೆಯ ಹುಡುಗ ಮಾತ್ರ ಮೆಲ್ಲಗೆ ಕೇಳಿದ,
ನಿಮಗೂ ತೋರಿಸಿದಳಾ?

ಕರೆ ಇನ್ನೂ ಬಂದಿಲ್ಲ.
ಮೂರೂವರೆಯಲ್ಲಿ ಸದ್ಯಕ್ಕೆ ನನ್ನ ಪಾಲಿಗೆ
ಒಂದು ಕಪಾಟಿನ ಬಾಗಿಲು.
ರಾತ್ರಿ ಎರಡಕ್ಕೆ, ಡ್ರೈಯರ್ ತಿರುಗುತ್ತಿರುವಾಗ
ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದೆ.
ತೊಂಬತ್ತಾರರ ಪಕ್ಕ ಹೊಸ ಅಂಕಿ ಇಲ್ಲ.
ಇರುವೆಯಂಥ ಅಕ್ಷರದಲ್ಲಿ ಇಷ್ಟೇ:
ರೊಲಾಂ ತೀರಿಕೊಂಡ.
ಈ ವರ್ಷ ಏರಿಸಲಿಲ್ಲ.