ಎರಡನೇ ಚರಣ

ಹಚಿನೊಹೆ ಬಂದರಿನಲ್ಲಿ ಸ್ಕ್ವಿಡ್ ಹರಾಜು ಮುಗಿಯುವಾಗ
ಬೆಳಗಿನ ಎಂಟೂವರೆ.
ಒಂಬತ್ತಕ್ಕೆ ಕರೋಕೆ ಅಂಗಡಿ ಬಾಗಿಲು ತೆರೆಯುತ್ತದೆ,
ಬೆಳಗಿನ ದರ ಅರ್ಧಕ್ಕರ್ಧ.
ಏಳನೇ ನಂಬರಿನ ಕೋಣೆಯ ಹೊರಗೆ ನಾಲ್ಕು ಜೊತೆ ರಬ್ಬರ್ ಬೂಟು,
ಒಳಗೆ ನಾಲ್ಕು ಜನ, ಎಂಟು ಕೈ.
ಎಷ್ಟು ಸೋಪು ಹಾಕಿ ತಿಕ್ಕಿದರೂ ಬಿಡದ ವಾಸನೆ
ಈಗ ಮೈಕಿಗೂ ಹತ್ತಿಕೊಂಡಿದೆ.

ಫೋರ್ಕ್‌ಲಿಫ್ಟ್ ಓಡಿಸುವ ರ್ಯೋಹೆಯ್ ಶುರು ಮಾಡುವುದು ಯಾವಾಗಲೂ
ಆಕಾಶದಲ್ಲಿ ಹೊಡೆದಾಡುವ ಉಕ್ಕಿನ ಮನುಷ್ಯನ ಹಾಡಿನಿಂದ.
ಕೂಗಬೇಕಾದ ಕಡೆ ಕೂಗುತ್ತಾನೆ, ಕೂಗಬಾರದ ಕಡೆಯೂ.
ಐವತ್ತೆರಡರ ಗಂಡಸು, ಮಂಡಿ ನೋವು,
ಸೋಫಾ ಹತ್ತಿ ನಿಂತು ಮುಷ್ಟಿಯನ್ನು ಚಾವಣಿಗೆ ಹಾರಿಸಿಬಿಟ್ಟ.
ಯಂತ್ರ ಕೊಟ್ಟ ಅಂಕ ಅರವತ್ತೊಂದು.
"ಇದಕ್ಕೆ ಕಿವಿಯಿಲ್ಲ" ಅಂದ, ಬಾಯ್ತುಂಬ ಕರಿದ ಆಲೂಗಡ್ಡೆ.
ಮಸುಮಿ ಹಾಡಿದ್ದು ಕೊಡೆ ತಿರುಗಿಸಿ ವೇಷ ಬದಲಿಸುವ ಹುಡುಗಿಯರದು.
ಹೊಸಬಳು ಹಿನಾಕೊ, ಹತ್ತೊಂಬತ್ತು;
ಅವಳ ಕಾಲದ ಹಾಡಿನಲ್ಲಿ ಉಸಿರು ಬಿಡಲು ಜಾಗವೇ ಇಲ್ಲ,
ಉಳಿದವರು ಖಂಜಿರ ಹಿಡಿದು ತಾಳದ ಬೆನ್ನಟ್ಟಿ ಸೋತರು.

ಆಮೇಲೆ ಯಾರೋ ಒತ್ತಿದರು, ಅಂಚೆ ಹುಡುಗಿಯದನ್ನು.
ಸಂಜೆ ಆರೂವರೆಗೆ, ಅನ್ನದ ಬಟ್ಟಲ ಮುಂದೆ, ಊರಿಗೆ ಊರೇ ಕೇಳಿದ್ದು.
ಸೇತುವೆ, ಗೋಧಿ ಹೊಲ, ಹೆಂಚಿನ ಮಾಡು,
ಓಡುತ್ತಲೇ ಇರುತ್ತಾಳೆ ಹುಡುಗಿ,
ಹೆಗಲಲ್ಲಿ ಚೀಲ, ಚೀಲದಲ್ಲಿ ಯಾರದೋ ಕಾಗದ.
ನಾಲ್ಕೂ ಗಂಟಲು ಒಟ್ಟಿಗೆ ಬಿದ್ದವು ಪಲ್ಲವಿಯ ಮೇಲೆ.
ಪರದೆಯಲ್ಲಿ ಮಾತ್ರ ಹುಡುಗಿಯಿಲ್ಲ.
ಯಾವುದೋ ಕಡಲ ತೀರ, ಯಾರೋ ಹೆಂಗಸು, ಬಿಳಿ ಟೋಪಿ,
ಸುಮ್ಮನೆ ನಡೆಯುತ್ತಾಳೆ; ಹಾಡಿಗೂ ಅವಳಿಗೂ ಸಂಬಂಧವಿಲ್ಲ.

ಒಂದೂವರೆ ನಿಮಿಷ ಆಯಿತು.
ಟೀವಿಯಲ್ಲಿ ಹಾಡು ನಿಲ್ಲುತ್ತಿದ್ದುದು ಅಲ್ಲಿಗೇ.
ಇಲ್ಲಿ ನಿಲ್ಲಲಿಲ್ಲ. ಎರಡನೇ ಚರಣ ಬಂತು,
ಯಾರಿಗೂ ಬಾರದ್ದು.
ಅಕ್ಷರಗಳು ಒಂದೊಂದಾಗಿ ನೀಲಿಯಾಗುತ್ತ ಹೋದವು,
ಹಾಡುವವರಿಲ್ಲದೆ.
ರ್ಯೋಹೆಯ್ ತಣ್ಣಗಾದ ಚಹಾ ಕಲಕಿದ. ಮಸುಮಿ ಮೈಕನ್ನು
ಬಿಸಿ ಪಾತ್ರೆಯ ಹಾಗೆ ಪಕ್ಕದವಳಿಗೆ ದಾಟಿಸಿದಳು.

ಪಕ್ಕದವಳು ಕಿನುಯೊ ಸವಾಗುಚಿ, ಅರವತ್ಮೂರು.
ಆ ಓಟ ಬರೆದ ಕೈಗಳಲ್ಲಿ ಅವಳದೂ ಒಂದು;
ಕೋಣೆಯಲ್ಲಿ ಯಾರಿಗೂ ಗೊತ್ತಿಲ್ಲ.
ಟೋಕಿಯೋದಲ್ಲಿ ಮೂರು ವರ್ಷ,
ಗಾಜಿನ ಮೇಜು, ಕೆಳಗಿನಿಂದ ದೀಪ.
ಹಿರಿಯರು ಬರೆದಿಟ್ಟ ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವೆ
ಏನೇನು ಆಗುತ್ತದೆಯೋ ಅದೆಲ್ಲ ಇವಳ ಪಾಲು,
ಹಾಳೆಗೆ ಇಷ್ಟು ಎಂದು ಕೂಲಿ.
ಬರೀ ಕಾಲುಗಳೇ ಕಾಣುವ ಆ ಐದು ಸೆಕೆಂಡು:
ಎತ್ತಿದ ಹಿಮ್ಮಡಿ, ಸಡಿಲ ಲಾಡಿ, ಮತ್ತೆ ನೆಲ, ಮತ್ತೆ ಹಿಮ್ಮಡಿ.
ಒಂದು ಚಳಿಗಾಲ ಕಣ್ಣು ಕೈಕೊಟ್ಟಿತು.
ತನ್ನ ಕಾಲಿಗೂ ಬುದ್ಧಿ ಹೇಳಿ ರಾತ್ರಿ ರೈಲು ಹತ್ತಿದಳು.

ನಮ್ಮಲ್ಲಿ ಚರಣವೆಂದರೆ ಹಾಡಿನದೂ ಹೌದು, ಮನುಷ್ಯರದೂ ಹೌದು.
ಅವಳ ಭಾಷೆಯಲ್ಲಿ ಹಾಗಿಲ್ಲವಂತೆ, ಎರಡಕ್ಕೂ ಬೇರೆ ಮಾತು.
ರಾಗ ಗೊತ್ತಿಲ್ಲದ್ದಕ್ಕೆ ಪರದೆಯ ಹತ್ತಿರ ಹೋಗಿ,
ಕನ್ನಡಕ ಹಣೆಗೇರಿಸಿ,
ಕರೆಂಟು ಬಿಲ್ಲು ಓದುವ ದನಿಯಲ್ಲಿ ಓದಿದಳು:
ಹುಡುಗಿಯ ಎಡ ಬೂಟಿನೊಳಗೆ ಹರಳೊಂದು ಸಿಕ್ಕಿಕೊಂಡಿದೆಯಂತೆ,
ಮೊದಲ ಸೇತುವೆಯಿಂದಲೇ.
ನಿಂತು ಕೊಡವಿದರೆ ಕಾಗದ ತಡವಾಗುತ್ತದೆಯಂತೆ.

ಯಂತ್ರಕ್ಕೆ ಅದು ಹಾಡು ಅನ್ನಿಸಲಿಲ್ಲ. ಅಂಕ ಹನ್ನೆರಡು.
ಮೂವರೂ ಬಿದ್ದು ಬಿದ್ದು ನಕ್ಕರು.
ಕಿನುಯೊ, ಮಸಿ ಹಿಡಿದ ಎರಡು ಬೆರಳನ್ನು ಮೇಜಿನ ಮೇಲೆ ನಿಲ್ಲಿಸಿ
ಓಡಿಸಿದಳು ಆಲೂಗಡ್ಡೆ ತಟ್ಟೆಯ ಸುತ್ತ,
ಒಂದು ಬೆರಳು ಊರುವಾಗ ಚೂರು ತಡೆದು, ಚೂರು ಎಳೆದು.
"ಗೊತ್ತೇ ಇರಲಿಲ್ಲ," ಅಂದಳು.
"ಹೇಳಿದ್ದರೆ ಎಡಗಾಲನ್ನು ಬೇರೆ ಥರ ಬರೆಯುತ್ತಿದ್ದೆ."
ಯಾವ ಎಡಗಾಲು? ಹಿನಾಕೊ ಕೇಳಿದಳು.

ಗೋಡೆಯ ಫೋನು ಹೊಡೆದುಕೊಂಡಿತು: ಇನ್ನು ಹತ್ತು ನಿಮಿಷ.
"ಅದನ್ನೇ ಮತ್ತೊಮ್ಮೆ ಹಾಕಿ. ಎರಡನೆಯದರಿಂದ."
ರ್ಯೋಹೆಯ್ ಗುಂಡಿಗಳನ್ನೆಲ್ಲ ಒತ್ತಿ ನೋಡಿದ.
ಹಾಗೆ ಬರುವುದಿಲ್ಲ ಇದರಲ್ಲಿ,
ಮೊದಲಿನಿಂದಲೇ ಬರಬೇಕು.