ಹಕಾರದ ಹಾಜರಿ

ವಿ.ಸಿ. ನಾಲೆ ದಾಟಿ ಎಡಕ್ಕೆ ಹೊರಳಿದರೆ
ಹೊನ್ನೇನಹಳ್ಳಿ ಎಂದು ಬೋರ್ಡು.
ಊರಿನವರು ಯಾರೂ ಹಾಗೆನ್ನುವುದಿಲ್ಲ.
ಒನ್ನೇನಳ್ಳಿ.
ನಾನೂ ಹೆಚ್ಚುಕಮ್ಮಿ ಇಲ್ಲಿಯವಳೇ, ತವರು ಕೀಲಾರದ ಪಕ್ಕ;
ಟಿಸಿಎಚ್ ಓದುವಾಗ ಮಂಡ್ಯದ ಹಾಸ್ಟೆಲಿನಲ್ಲಿ
ಕನ್ನಡಿ ಮುಂದೆ ನಿಂತು ಹ ಕಲಿತವಳು.

ಈ ವರ್ಷ ನನಗೆ ಒಂದನೇ ಕ್ಲಾಸು, ಎರಡು ಮಾಧ್ಯಮದ್ದು.
ಪುಸ್ತಕ ಬಿಚ್ಚಿದರೆ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷು.
ಅದೇ ಕೋಳಿ, ಅದೇ ಕೊಕ್ಕು, ಅದೇ ಐದು ಮರಿ
ಎರಡು ಸಲ ಅಚ್ಚಾಗಿ ಕೂತಿವೆ.
ಎಡದ ಕೋಳಿಗೆ ಬಲದ ಕೋಳಿಯ ಗುರುತಿಲ್ಲ.

ಹಳದಿ ವ್ಯಾನು ಹತ್ತಿ ಹೋಗುತ್ತಿದ್ದವರಲ್ಲಿ
ಒಂಬತ್ತು ಮಕ್ಕಳು ವಾಪಸು ಬಂದವು.
ಆಲೆಮನೆಯ ಜವರಪ್ಪ ಬೆಲ್ಲದ ಅಂಟುಗೈಯಲ್ಲೇ
ಅರ್ಜಿಗೆ ಸಹಿ ಹಾಕಿದ.
"ಇಂಗ್ಲೀಸು ನೀವ್ ನೋಡ್ಕಳಿ ಮೇಡಮ್,
ಕನ್ನಡ ಎಂಗೋ ಬತ್ತದೆ, ನೀರ್ ಕುಡ್ದಂಗೆ."
ಆ ಫಾರಮ್ಮು ಇನ್ನೂ ಬೀರುವಿನಲ್ಲಿ
ಪಕ್ಕದ ಫಾರಮ್ಮಿಗೆ ಅಂಟಿಕೊಂಡಿದೆ.

ಬರುತ್ತದೆಯೇ?
ಅವನ ಮಗಳು ಹಂಸಿಕ. ಹಾಗೆ ಕೂಗಿದರೆ ಓಗೊಡುವುದಿಲ್ಲ,
ಅಂಸಿಕಾ ಎಂದರೆ ಮಾತ್ರ ಎದ್ದು ನಿಲ್ಲುತ್ತಾಳೆ.
ಎಡಪುಟದ ಹಾಲು ಅವಳಿಗೆ ಆಲು,
ಹಸು ಅಸ, ಹಾವು ಆವು, ಹೂವು ಊವು.
ಬಲಪುಟಕ್ಕೆ ಬಂದರೆ ಹೆನ್ನು 'ಎನ್' ಆಗಿ
ಅಕ್ಷರಮಾಲೆಯೊಳಗೆ ನುಗ್ಗಿ
ಎಮ್ಮಿನ ಪಕ್ಕ ಕಾವಿಗೆ ಕೂರುತ್ತದೆ.
ಹ್ಯಾಟು ಆಟು.
"ಆಟ ಅಂದ್ರೆ ಆಚಿಕ್ ಬುಡ್ತೀರಾ ಮಿಸ್?"

ತರಬೇತಿಯಲ್ಲಿ ಹೇಳಿದ್ದರು:
ತಿಳಿದ ಭಾಷೆಯಿಂದ ತಿಳಿಯದ ಭಾಷೆಗೆ ಸೇತುವೆ ಕಟ್ಟಿ.
ಸರಿ. ಆದರೆ ಈ ಮಗು ನಿಂತಿರುವುದು
ಆ ದಡದಲ್ಲೂ ಅಲ್ಲ, ಈ ದಡದಲ್ಲೂ ಅಲ್ಲ, ನೀರಿನಲ್ಲಿ.
ಎರಡು ಪುಟವೂ ಅವಳಿಗೆ ನೆಂಟರ ಮನೆ.
ಅವಳ ಮಾತು ಇರುವುದು ನಡುವೆ,
ಪಿನ್ನು ಹೊಡೆದ ಮಡಿಕೆಯಲ್ಲಿ,
ಅಲ್ಲಿ ಯಾರೂ ಏನೂ ಅಚ್ಚು ಹಾಕಿಲ್ಲ.

ಮಂಗಳವಾರ ಸಿ.ಆರ್.ಪಿ. ಬಂದರು.
'ಉಚ್ಚಾರಣೆ ಸರಿಯಿಲ್ಲ' ಎಂದು ಬರೆದರು,
ಯಾವ ಭಾಷೆಯದೆಂದು ಬರೆಯಲಿಲ್ಲ.
ಟೀ ಗುಟುಕರಿಸಿ ಅಡುಗೆಯವಳನ್ನು ಕೇಳಿದರು:
"ಯಾಕಮ್ಮ, ಆಲು ಕಮ್ಮಿ ಆಯ್ತಾ ಇವತ್ತು?"

ತಬಸ್ಸುಮ್ ಎದ್ದು ಬಂದಳು ಮೇಜಿನ ಹತ್ತಿರ.
"ನಮ್ಮನೇಲಿ ಎರಡು ಹ ಅವೆ ಮಿಸ್, ದಾದಾ ಹೇಳ್ಕೊಟ್ಟವ್ರೆ,
ಒಂದು ದೊಡ್ಡದು, ಒಂದು ಚಿಕ್ಕದು.
ಹಂಸಿಕಂಗೆ ಒಂದು ಕೊಡ್ಲಾ?"
ಕೊಡು ಎಂದೆ.
ಬಿಸಿಯೂಟದ ತಟ್ಟೆ ತೊಳೆದು, ಗೋಡೆಗೆ ಒರಗಿ,
ಮಧ್ಯಾಹ್ನವೆಲ್ಲ ಒಬ್ಬಳು ಹ, ಒಬ್ಬಳು ಅ.
ಬರಲಿಲ್ಲ.

ಬಂದದ್ದು ಬೇರೆ ಕಡೆಯಿಂದ.
ಸ್ಲೇಟಿನಲ್ಲಿ ಎರಡರ ಮಗ್ಗಿ ತಪ್ಪಿತ್ತು,
ಒರೆಸುವ ಬಟ್ಟೆ ಮನೆಯಲ್ಲಿ ಉಳಿದಿತ್ತು.
ಸ್ಲೇಟನ್ನು ಬಾಯಿಯ ಹತ್ತಿರ ತಂದು
ಹಾ... ಎಂದು ಉಸಿರು ಬಿಟ್ಟಳು,
ಮುಂಗೈಯಲ್ಲಿ ಉಜ್ಜಿದಳು.
ನಾನು ಸೀಮೆಸುಣ್ಣ ಹಿಡಿದು ಹಾಗೇ ನಿಂತೆ.
"ಇನ್ನೊಂದ್ ಸಲ ಮಾಡು."
ಬೈಯುತ್ತೇನೆಂದು ಹೆದರಿ, ಮೆಲ್ಲಗೆ: ಹಾ.
ಕಪ್ಪಿನ ಮೇಲೆ ಬೂದು ಮಬ್ಬು,
ಒಂದು ಗಳಿಗೆ ಇತ್ತು, ಹೋಯಿತು.
"ಅದೇ ಕಣೆ. ಅದರ ಬೆನ್ನಿಗೆ ಲು ಸೇರಿಸು."

ಹಾಲು, ಎಂದಳು. ತನಗೇ ನಗು ಬಂತು.
ಆಮೇಲೆ ಯಾರೂ ಹೇಳದೆ ಬಲಕ್ಕೆ ಬೆರಳು ಸರಿಸಿದಳು: ಹೆನ್.
ಕೋಳಿ ಅಕ್ಷರಮಾಲೆಯಿಂದ ಇಳಿದು ಗೂಡಿಗೆ ಬಂತು.

ಸಂಜೆ ಗೇಟಿನಲ್ಲಿ ಜವರಪ್ಪನ ಬೈಕು.
ಚೀಲ ಬಡಿದುಕೊಳ್ಳುವಂತೆ ಓಡುತ್ತ ಕೂಗಿದಳು:
"ಅಪ್ಪೋ, ಅಸ ಕರ ಆಕ್ತಾ?"
ನಾನು ತಿದ್ದಲಿಲ್ಲ.
ಹಾಜರಿ ಪುಸ್ತಕ ಮುಚ್ಚಿ, ಕನ್ನಡಕ ತೆಗೆದು
ಒರೆಸಲೆಂದು
ಬಾಯಿಯ ಹತ್ತಿರ ತಂದೆ.